ಏರ್‌ಪೋರ್ಟ್ ಬಸ್ಸಿನಾಗ ಗಂಗಮ್ಮ

ಕಾಶಿಯಿಂದ ಗಂಗಾ ತಂಬಿಗಿ ತಂದವರು ಮನಿ ಮುಟ್ಟೋತನಕ ಅದನ್ನ ನೆಲಕ್ಕಿಡಬಾರದು. ಆದೋನ್ಯಾಗ ನಮ್ಮ ಮನಿತನದಾಗ ಇದು ಹಳೇ ಕಟ್ಟಳೆ. ಯಾರ ಕೈಯಾಗ ಗಂಗಿ ಬರ್ತಾಳೋ, ಹೊಸ್ತಿಲದಾಗ ಅವರ ಕಾಲಿಗೇ ಮೊದಲ ನೀರು ಹಾಕ್ತಾರ. ಇಪ್ಪತ್ತು ವರ್ಷದಿಂದ ಹಿರೇ ಸೊಸಿ ನಾನು. ಆ ನೀರು ನನ್ನ ಕಾಲಿಗೇ ಬೀಳಬೇಕಂತ ಅತ್ತಿ ಜೋಡಿ ಕಾಶಿಗೆ ಹೋಗೂವಾಗಲೇ ಅಂದ್ಕೊಂಡಿದ್ದೆ.

ಆದ್ರ ವಿಮಾನದಾಗ ತಂಬಿಗಿ ಕೈಯಾಗ ಬಿಡಂಗಿಲ್ಲಂತ, ಸಾಮಾನಿನ ಜೋಡಿ ಹಾಕಬೇಕಂತ. ನನ್ನದು ಜಿಪ್ ಕಿತ್ತ ಬ್ಯಾಗು. ನೆಗೆಣ್ಣಿ, ಅಂದ್ರ ನಮ್ಮ ಮೈದುನನ ಹೆಂಡ್ತಿ, ಆಕೀದು ನಾಕು ಗಾಲಿ ಕೆಂಪು ಸೂಟ್‌ಕೇಸು. "ಅತ್ತಿ, ನನ್ನದರಾಗ ಸೀರಿ ನಡುವ ಇಡ್ತೀನ್ರಿ, ಏನೂ ಆಗಂಗಿಲ್ಲ" ಅಂದ್ಲು. ಅತ್ತಿ ಆಕಿ ಗಲ್ಲ ಸವರಿದ್ರು. ಇಷ್ಟು ವರ್ಷದಾಗ ನನ್ನ ಗಲ್ಲ ಒಂದು ಸಲಾನೂ ಸವರಿಲ್ಲ, ಮಹಾತಾಯಿ!

ಬೆಂಗಳೂರಾಗ ಇಳಿದು, ರೈಲು ಹಿಡಿಯಾಕ ಮೆಜೆಸ್ಟಿಕ್ಕಿನ ಏರ್‌ಪೋರ್ಟ್ ಬಸ್ ಹತ್ತಿದ್ವಿ. "ಅಮ್ಮಾ, ಸೂಟ್‌ಕೇಸ್ ಅಲ್ಲಿ ರ‍್ಯಾಕಲ್ಲಿಡಿ" ಅಂದ ಕಂಡಕ್ಟರು. ರ‍್ಯಾಕು ಬಾಗಿಲ ಹತ್ರ, ಮಂದಿ ಚಪ್ಪಲಿ ತುಳದಾಡೋ ಜಾಗದಾಗ. "ಒಳಗ ಗಂಗಮ್ಮ ಅದಾಳಪ್ಪ, ಕೆಳಗಿಡಂಗಿಲ್ಲ" ಅಂದ್ರು ಅತ್ತಿ. ಆತ ತಲಿ ಕೆರಕೊಂಡು ಮುಂದ ಹೋದ. ಆಮ್ಯಾಲೆ ಏನ್ ಮಾಡಿದ್ರು ಗೊತ್ತೇನ್ರಿ? ಅತ್ತಿ, ನೆಗೆಣ್ಣಿ ಇಬ್ರೂ ಒಂದೇ ಸೀಟಿನಾಗ ಕುಂತು, ಅಷ್ಟು ದೊಡ್ಡ ಸೂಟ್‌ಕೇಸನ್ನ ಇಬ್ರ ತೊಡಿಮ್ಯಾಲೆ ಅಡ್ಡ ಮಲಗಿಸ್ಕೊಂಡ್ರು, ಕೂಸಿನಂಗ! ಬಸ್ಸಿನ ಮಂದಿ ತಿರುಗಿ ತಿರುಗಿ ನೋಡಿದ್ರು. ನಾನು ಹಿಂದಿನ ಸೀಟಿನಾಗ, ಯಾರೋ ಗುರುತಿಲ್ಲದ ಹೆಣ್ಮಗಳ ಬಾಜೂಕ ಕುಂತಿದ್ದೆ.

ಇಬ್ರೂ ಗುಸುಗುಸು ಮಾತಾಡ್ಕೊಂತ ನಗ್ತಿದ್ರು. ಹೆಬ್ಬಾಳ ಬರೋತನಕ ತಡಕೊಂಡೆ. ಆಮ್ಯಾಲೆ ಬಾಯಿ ಜಾರಿತು. ಜಾರಿತು ಅನ್ನೋದು ಸುಳ್ಳು, ಬೇಕಂತಲೇ ಅಂದೆ.

"ಅಲ್ರೀ ಅತ್ತಿ, ಏರ್‌ಪೋರ್ಟಿನಾಗೆಲ್ಲ ಆ ಪೆಟ್ಟಿಗಿ ನೆಲದಾಗೇ ಉರುಳ್ಕೊಂತ ಬಂತಲ್ಲ, ಆವಾಗ ಗಂಗಮ್ಮ ನೆಲ ಮುಟ್ಟಲಿಲ್ಲೇನು?"

ಅತ್ತಿ ಮುಖ ಬಾಡಿತು. ಮೊಣಕಾಲು ಹಿಡಕೊಂಡು ಘಾಟಿನ ಒಂದೊಂದೇ ಮೆಟ್ಲ ಇಳಿದು ಆ ತಾಯಿ ತಾನೇ ತುಂಬಿದ ನೀರು ಅದು. ನೆಗೆಣ್ಣಿ ತಡ ಮಾಡಲಿಲ್ಲ. "ನೆಲ ಮುಟ್ಟಿದ್ದು ಗಾಲಿರಿ ಅತ್ತಿ, ತಂಬಿಗಿ ಅಲ್ಲ. ದೇವ್ರನ್ನ ಬಂಡ್ಯಾಗ ತರಂಗಿಲ್ಲೇನು?" ಅಂದ್ಲು. ಆ ಮಾತು ನನಗ ಯಾಕ ಹೊಳಿಲಿಲ್ಲಂತ ಅದಕ್ಕೂ ಹೊಟ್ಟಿ ಉರೀತು.

ಮೆಜೆಸ್ಟಿಕ್ಕಿನಾಗ ಇಳಿದ ಕೂಡಲೇ ಅತ್ತಿ ಸೂಟ್‌ಕೇಸನ್ನ ಬೆಂಚಿನ ಮ್ಯಾಲೆ ಬಿಚ್ಚಿಸಿ, ತಂಬಿಗಿ ತಗದು ನನ್ನ ಕೈಯಾಗಿಟ್ರು.

"ತಗೋಳವ್ವ, ನಿನಗ ಬೇಕಾಗಿದ್ದು ಇದೇ ಅಲ್ಲ? ಕಾಲಿಗೆ ನೀರೂ ನೀನೇ ಹಾಕಿಸ್ಕೋ. ನನ್ನ ಕಾಶೀನ ಮಾತ್ರ ಸುಡಬ್ಯಾಡ."

ಆದೋನಿ ಬರೋತನಕ ರೈಲಿನಾಗ ತಂಬಿಗಿ ನನ್ನ ತೊಡಿಮ್ಯಾಲೇ ಇತ್ತು. ಎದುರಿಗೆ ನೆಗೆಣ್ಣಿ ಅತ್ತಿ ಹೆಗಲಿಗೆ ತಲಿ ಕೊಟ್ಟು ಮಲಗಿದ್ಲು. ಆಕಿಗೆ ಎಚ್ಚರಾಗಬಾರದಂತ ಅತ್ತಿ ಮೈ ಅಲುಗಿಸದಂಗ ಕುಂತಿದ್ರು.