ಬ್ರೇಕ್ ಮೇಡಂ ಆರಿಸಿದ ಎರಡು ಬಾಗಿಲಿನ ಕಾರು

ಡ್ರೈವಿಂಗ್ ಶಾಲೆಯಲ್ಲಿ ಕಲಿತವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಬ್ರೇಕ್ ಮೇಡಂ ಎಂದು. ಕಲಿಯುವವರು ಸ್ಟೀರಿಂಗ್ ಹಿಡಿದರೆ, ಪಕ್ಕದ ಸೀಟಿನಲ್ಲಿ ಕೂತ ಆಕೆಯ ಕಾಲಡಿ ಇನ್ನೊಂದು ಬ್ರೇಕ್ ಇರುತ್ತಿತ್ತು. ಕ್ಲಚ್ ಬಿಡು ಎಂದರೆ ಸ್ಟೀರಿಂಗನ್ನೇ ಬಿಡುವವರು, ರಿವರ್ಸ್ ಎಂದರೆ ಮುಂದಕ್ಕೆ ನುಗ್ಗುವವರು, ಎದುರಿಗೆ ಲಾರಿ ಕಂಡರೆ ಕಣ್ಣು ಮುಚ್ಚುವವರು, ಎಲ್ಲರನ್ನೂ ಆ ಒಂದು ಪೆಡಲಿನಿಂದಲೇ ದಡ ಮುಟ್ಟಿಸಿದ್ದಳು. ತಲೆಗೂದಲು ಬೆಳ್ಳಗಾದದ್ದೂ ಆ ಸೀಟಿನಲ್ಲೇ.

ಮಗಳ ಮದುವೆ ಮುಗಿದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದ ಮೇಲೆ ಒಂದು ದಿನ ಆಕೆ ಹೇಳಿಯೇಬಿಟ್ಟಳು: "ರೀ, ನಾನೊಂದು ಕೂಪೆ ಕಾರು ತಗೋತೀನಿ. ಎರಡು ಬಾಗಿಲಿಂದು, ಚಿಕ್ಕದು. ಇಷ್ಟು ವರ್ಷ ಬರೀ ನಿಲ್ಸಿದ್ದೇ ಆಯ್ತು. ಇನ್ನು ಸ್ವಲ್ಪ ಓಡಿಸ್ತೀನಿ."

ಗಂಡ ದರ್ಜಿ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಸೊಂಟ ಹಾಳು ಮಾಡಿಕೊಂಡವನು. ಡ್ರೈವಿಂಗ್ ಅವನಿಗೆ ಬಾರದು. ಮದುವೆಯಾದ ಹೊಸತರಲ್ಲಿ ಹೆಂಡತಿಯೇ ಕಲಿಸಲು ಹೋಗಿ, ಇಬ್ಬರೂ ಮಾತು ಬಿಟ್ಟು, ಕೊನೆಗೆ ಸಂಸಾರ ಉಳಿಯಲಿ ಎಂದು ಪಾಠ ನಿಲ್ಲಿಸಿದ್ದರು. ಅಂಥವನು ಈಗ ಹೇಳಿದ್ದು, "ಸೀಟು ಮೆತ್ತಗಿದ್ಯಾ ಅಂತ ಮೊದ್ಲು ನೋಡು."

ಸುದ್ದಿ ಮೈದುನನ ಕಿವಿಗೂ ಬಿತ್ತು. ಮನೆ ಮನೆ ಅಲೆದು ಕರೆಂಟ್ ಮೀಟರ್ ಓದುವುದು ಅವನ ಕೆಲಸ. ಮುಳ್ಳು, ಅಂಕಿ ಕಂಡರೆ ಸುಮ್ಮನಿರಲಾರ. "ಅತ್ತಿಗೆ, ಮೈಲೇಜ್ ಎಷ್ಟು ಕೊಡುತ್ತೆ?" ಎನ್ನುತ್ತಲೇ ಚಪ್ಪಲಿ ಮೆಟ್ಟಿಕೊಂಡು ಹೊರಟು ನಿಂತ. ಬೇಡ ಎಂದರೆ ಮುನಿಸು, ಹೂಂ ಎಂದರೆ ತಲೆನೋವು. ಆಕೆ ತಲೆನೋವನ್ನೇ ಆರಿಸಿಕೊಂಡಳು.

ಶೋರೂಮಿನಲ್ಲಿ ಅದೇ ಕಾರು ಎರಡು ಬಗೆಯಲ್ಲಿತ್ತು. ಒಂದು ಭಾರೀ ಜೋರಿನ ಎಂಜಿನ್ನಿನದು, ಅಗಲ ಟೈರು, ಬಿಗಿ ಸ್ಪ್ರಿಂಗು. ಇನ್ನೊಂದು ಸಾಧಾರಣ ಎಂಜಿನ್ನಿನದು, ಮೆತ್ತನೆ ಸ್ಪ್ರಿಂಗು. ಸೇಲ್ಸ್‌ಮನ್ ಇವೆಲ್ಲವನ್ನೂ ವಿವರಿಸಿದ್ದು ದರ್ಜಿಗೆ. "ಸರ್, ಪಿಕಪ್ ನೋಡಿ ಸರ್."

"ಓಡಿಸೋಳು ನಾನು," ಎಂದಳು ಆಕೆ.

"ಹೌದು ಮೇಡಂ. ಸರ್, ಕಲರ್ ಬೇಕಾದ್ರೆ ಮೇಡಂ ಆರಿಸ್ಲಿ."

ಆಕೆ ಹಲ್ಲು ಕಚ್ಚಿಕೊಂಡು ಜೋರಿನ ಕಾರಿನ ಕೀಲಿ ಇಸಿದುಕೊಂಡಳು. ಗಂಡ ಮುಂದೆ. ಹಿಂದಿನ ಸೀಟು ಹೆಸರಿಗಷ್ಟೇ ಸೀಟು, ಅಲ್ಲಿ ಸೇಲ್ಸ್‌ಮನ್ನೂ ಮೈದುನನೂ ಮಡಚಿಟ್ಟ ಕೊಡೆಗಳಂತೆ ತುರುಕಿಕೊಂಡರು.

ಕಾಲು ಒತ್ತಿದ ಕೂಡಲೇ ಕಾರು ಹೇಗೆ ಚಿಮ್ಮಿತೆಂದರೆ ಆಕೆಯ ಎದೆ ಹಗುರಾಯಿತು. ಅಷ್ಟರಲ್ಲೇ ಮುಂದೆ ಹಂಪ್ ಬಂತು. ಧಡ್ ಎಂದಿತು.

"ಅಯ್ಯೋ ನನ್ನ ಸೊಂಟ! ನಿಧಾನ ಕಣೇ!"

"ಅತ್ತಿಗೆ, ಈಗ ಎಷ್ಟು ತೋರಿಸ್ತಿದೆ ಗೊತ್ತಾ? ಹೀಗೇ ಪೆಟ್ರೋಲ್ ಕುಡಿದ್ರೆ ಬಂಕ್‌ನಲ್ಲೇ ಮನೆ ಮಾಡ್ಬೇಕು," ಎಂದು ಮೈದುನ ಸೀಟುಗಳ ನಡುವೆ ಕತ್ತು ತೂರಿಸಿದ. ಕಂಪನಿ ಹೇಳುವ ಮೈಲೇಜು ನಿಜವಾಗಿ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಸೇಲ್ಸ್‌ಮನ್, "ಅದು ಓಡಿಸೋರ ಕೈಲಿರುತ್ತೆ ಸರ್, ರಸ್ತೆ ಮೇಲೂ ಇರುತ್ತೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಗೇರ್ ಯಾಕೆ ಅಷ್ಟು ಸಲ ಹಾಕ್ತೀಯ?" ಎಂದ ಗಂಡ.

ಆಕೆ ಬಸ್ ಸ್ಟಾಪಿನ ಪಕ್ಕ ಕಾರು ನಿಲ್ಲಿಸಿದಳು. "ಇಳೀರಿ. ಇಬ್ರೂ ಇಳೀರಿ."

"ಇಲ್ಲಿ? ಬಿಸಿಲಲ್ಲಿ?" ಎಂದ ಗಂಡ.

"ನೆರಳಿದೆ, ಬೆಂಚಿದೆ. ಕೂತ್ಕೊಂಡು ಇಬ್ರೂ ಲೆಕ್ಕ ಹಾಕ್ತಿರಿ."

ಸೇಲ್ಸ್‌ಮನ್ ಗಾಬರಿಯಾದ. "ಮೇಡಂ, ನಾನಿಲ್ದೆ ಗಾಡಿ ಕೊಡೋ ಹಾಗಿಲ್ಲ."

"ನೀವು ಮುಂದೆ ಬನ್ನಿ. ಬಾಯಿ ಮಾತ್ರ ತೆಗೀಬೇಡಿ."

ಸದ್ದಡಗಿದ ಮೇಲೆ ಕಾರು ತನ್ನ ನಿಜ ಹೇಳತೊಡಗಿತು. ಜೋರು ಇತ್ತು, ಆದರೆ ಆ ಜೋರಿಗೆ ಜಾಗವಿರಲಿಲ್ಲ. ಚಿಮ್ಮುವಷ್ಟರಲ್ಲಿ ಸಿಗ್ನಲ್, ಮತ್ತೆ ಚಿಮ್ಮುವಷ್ಟರಲ್ಲಿ ಬಸ್ಸಿನ ಬೆನ್ನು. ಹಗ್ಗ ಬಿಗಿದ ಗೂಳಿಯನ್ನು ಹಿಡಿದುಕೊಂಡು ಸಂತೆಯಲ್ಲಿ ತಿರುಗಿದಂತೆ. ರಸ್ತೆಯ ಒಂದೊಂದು ಹೊಂಡವೂ ಆಕೆಯ ಬೆನ್ನಿಗೇ ಬಂದು ಬಡಿಯುತ್ತಿತ್ತು. ಗಂಡನ ಗೋಳು ಸುಳ್ಳಾಗಿರಲಿಲ್ಲ ಎಂಬುದು ತಿಳಿದು ಆಕೆಗೆ ಇನ್ನಷ್ಟು ಸಿಟ್ಟು ಬಂತು.

ಶೋರೂಮಿಗೆ ವಾಪಸು ಹೋಗಿ ಸಾಧಾರಣ ಎಂಜಿನ್ನಿನದನ್ನು ಹೊರಗೆ ತೆಗೆದಳು. ಅದೇ ರಸ್ತೆ. ಇದು ತಾನಾಗಿ ಚಿಮ್ಮುವ ಜಾತಿಯದಲ್ಲ, ಗೇರು ಇಳಿಸಿ ಕೆಣಕಬೇಕು. ಆದರೆ ಇದ್ದ ಶಕ್ತಿಯನ್ನೆಲ್ಲ ಬಳಸಲು ಸಾಧ್ಯವಿತ್ತು. ಆ ರಸ್ತೆ ಹಾಯುವ ಕೆರೆ ಏರಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಬಿಟ್ಟಾಗ ಕಾರಿನ ಹಗುರ ಮೂತಿ ಆಕೆ ನೋಡಿದ ಕಡೆಗೆ ಸರಕ್ಕನೆ ತಿರುಗಿತು. ಆಕೆಗೆ ಬೇಕಾಗಿದ್ದದ್ದು ಎಳೆತವಲ್ಲ, ಈ ತಿರುವು. ಬಸ್ ಸ್ಟಾಪಿನಲ್ಲಿ ಅಣ್ಣ ತಮ್ಮ ಎದ್ದು ನಿಂತು ಕೈ ಬೀಸಿದರು. ಆಕೆ ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು ಹೋಗಿ ಬಂದಳು. ಸೇಲ್ಸ್‌ಮನ್ ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ.

ಸಾಧಾರಣ ಎಂಜಿನ್ನಿನ ಕಾರೇ ಮನೆಗೆ ಬಂತು. ಅದರ ಹಿಂದೆಯೇ ಹೊಸ ತಾಪತ್ರಯವೂ ಬಂತು. "ನಾನು ಹೇಳಿದ್ದಕ್ಕೇ ಮೆತ್ತಗಿರೋದನ್ನ ತಗೊಂಡ್ಲು," ಎಂದು ಗಂಡ ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುತ್ತಾ ಹೇಳಿದ. "ಮೈಲೇಜ್ ನೋಡಿ ಆರಿಸ್ಕೊಟ್ಟಿದ್ದು ನಾನೇ," ಎಂದು ಮೈದುನ ಹೋದ ಹೋದ ಮನೆಯ ಮೀಟರಿನ ಮುಂದೆ ಸಾರಿದ. ಆಕೆ ಮೊದಮೊದಲು ಅಲ್ಲಗಳೆದಳು. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ರಜೆಯ ಬೆಳಗ್ಗೆ ಕೆರೆ ಏರಿಯ ರಸ್ತೆಗೆ ಒಬ್ಬಳೇ ಹೋಗುತ್ತಾಳೆ. ಉಳಿದ ದಿನ ಹೊಲಿದ ಬಟ್ಟೆ ತಲುಪಿಸಲು ಗಂಡ ಪಕ್ಕದಲ್ಲಿ ಕೂರುತ್ತಾನೆ. ಸೀಟು ಮೆತ್ತಗಿದ್ದರೇನು, ನೆಲಕ್ಕೆ ಅಂಟಿಕೊಂಡಂತಿದೆ. ಇಳಿಯಲಾರದೆ ಅವನು "ಲೇ, ಸ್ವಲ್ಪ ಕೈ ಕೊಡೇ" ಎನ್ನುತ್ತಾನೆ. ಆಕೆ ಗೊಣಗುತ್ತಾ ಆ ಕಡೆಗೆ ಸುತ್ತಿ ಬಂದು, ಬಾವಿಯಿಂದ ಕೊಡ ಎತ್ತುವಂತೆ ಅವನನ್ನು ಎತ್ತಿ ನಿಲ್ಲಿಸುತ್ತಾಳೆ.