ಮಾಸ್ತರ ಮನೆಯ ನಂಬರು

ಬೈಲಹೊಂಗಲದ ನಮ್ಮ ಓಣಿಯ ಬೆಳಗಿನ ಬಿಸಿಲು ನನ್ನ ನೆನಪಿನಲ್ಲಿ ಇಂದಿಗೂ ಬಿಳಿಯಾಗಿಯೇ ಇದೆ. ಎದುರುಮನೆಯ ಖಾಸಿಮಸಾಬನು ಅಂಗಳದಲ್ಲಿ ಕುಳಿತು ಹತ್ತಿ ಹಿಂಜತೊಡಗಿದರೆ, ಎಳೆಗಳು ಗಾಳಿಯಲ್ಲಿ ತೇಲಿ ಬಂದು ನಮ್ಮ ಕಿಟಕಿಯ ಸರಳುಗಳಿಗೆ ಅಂಟಿಕೊಂಡು ತೂಗುತ್ತಿದ್ದವು. ಅವನ ಬಿಲ್ಲಿನಂಥ ಕಮಾನಿನ ತಂತಿಯ ಟೊಂಯ್ ಟೊಂಯ್ ನಾದಕ್ಕೆ, ಶಾಲೆಯ ಮಾಸ್ತರನಾದ ನಾನು ಎಷ್ಟೋ ಭಾನುವಾರ ಪತ್ರಿಕೆ ಹಿಡಿದುಕೊಂಡೇ ತೂಕಡಿಸಿದ್ದೇನೆ.

ಗಾದಿ ಮಾಡುವುದು ಅವನ ಕಸುಬು. ಮದುವೆಗಳ ಕಾಲ ಬಂತೆಂದರೆ ಕಮಾನನ್ನು ಹೆಗಲಿಗೇರಿಸಿ ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಿಗೆ ಹೊರಟುಬಿಡುವನು. ಹದಿನೈದು ದಿನ ಮನೆಯ ಕಡೆ ಸುಳಿಯುತ್ತಿರಲಿಲ್ಲ. ಯಾರದೋ ಪಡಸಾಲೆಯಲ್ಲಿ ಹಳೆಯ ಗಾದಿಯನ್ನು ಬಿಚ್ಚಿ, ಗಟ್ಟಿಯಾದ ಅರಳೆಯನ್ನು ಮೋಡದಂತೆ ಉಬ್ಬಿಸಿ, ಮತ್ತೆ ಹೊಲಿದುಕೊಡುವನು.

"ಮಂದೀ ಕನಸೆಲ್ಲಾ ಗಾದ್ಯಾಗ ಗಂಟ ಕಟ್ಟಿರತಾವ್ರಿ ಸರ. ನಾ ಬಡದು ಬಿಡಸತೇನಿ" ಎಂದು ನಗುತ್ತಿದ್ದನು.

೧೯೯೪ರಲ್ಲಿ ನಮ್ಮ ಮನೆಗೆ ಫೋನು ಬಂದಿತು. ಇಡೀ ಓಣಿಗೆ ಅದೊಂದೇ. ಖಾಸಿಮಸಾಬನು ಗಿರಾಕಿಗಳಿಗೆಲ್ಲ ನಮ್ಮ ನಂಬರನ್ನೇ ಕೊಟ್ಟನು. ಊರೂರು ತಿರುಗುವಾಗ ತಾನೂ ಅದಕ್ಕೇ ಫೋನು ಮಾಡುವನು. ಆಗ ನನ್ನ ಹೆಂಡತಿ ದೇವಕ್ಕ ಕಿಟಕಿಯಿಂದ ಅವನ ಹೆಂಡತಿಯನ್ನು ಕೂಗುವಳು: "ಏ ಬಾನೂ, ಲಗೂನ ಬಾ! ನಿಮ್ಮ ಸಾಹೇಬರು ರಾಮದುರ್ಗದಿಂದ ಮಾತಾಡಾಕತ್ತಾರ!" ಬಾನುಬಿ ಸೆರಗು ಸರಿಪಡಿಸಿಕೊಳ್ಳುತ್ತ ಓಡಿಬಂದು, ಫೋನಿಗೆ ಬರೀ "ಹೂಂ, ಹೂಂ" ಎಂದು ಹೇಳಿ, ನಗುತ್ತ ಹಿಂದಿರುಗುವಳು.

ಒಂದು ದಿನ ಬಂದ ಕರೆ ಅಂಥದಾಗಿರಲಿಲ್ಲ. ಕಿತ್ತೂರಿನಲ್ಲಿ ಬಾನುಬಿಯ ಅಣ್ಣ ತೀರಿಕೊಂಡಿದ್ದನು. ಅಂದು ದೇವಕ್ಕ ಕಿಟಕಿಯಿಂದ ಕೂಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಣಿ ದಾಟಿದಳು. "ಉಂಡಿ ಏನ ಬಾನು?" ಎಂದು ಕೇಳಿ, ರೊಟ್ಟಿಯನ್ನು ತಾನೇ ಬಡಿಸಿ, ಉಣಿಸಿ, ನೀರು ಕುಡಿಸಿ, ಕೈ ಹಿಡಿದು ಕುಳಿತು, ಆಮೇಲೆ ಹೇಳಿದಳು. ಖಾಸಿಮಸಾಬನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದನು.

ವರ್ಷಗಳು ಕಳೆದವು. ಎಲ್ಲರ ಕಿಸೆಗೂ ಮೊಬೈಲು ಬಂದಿತು. ನಮ್ಮ ಫೋನು ದೇವಕ್ಕ ಹೆಣೆದ ಬಟ್ಟೆ ಹೊದ್ದು ಬೆಕ್ಕಿನಂತೆ ಮಲಗಿತು. ೨೦೦೭ರಲ್ಲಿ ಅದನ್ನು ತೆಗೆಸಿಬಿಡೋಣವೆಂದು ನಾನು ಅರ್ಜಿ ಬರೆದಿಟ್ಟೆನು. ಅದೇ ವಾರ ಖಾಸಿಮಸಾಬನ ಮಗ, ಟೆಂಪೊ ನಡೆಸುವ ಸಾಜಿದ್, ತಂದೆಗೊಂದು ಮೊಬೈಲು ತಂದನು. ನಮ್ಮ ಕಟ್ಟೆಯ ಮೇಲೆ ಕುಳಿತೇ ನಂಬರುಗಳನ್ನು ತುಂಬಿಸತೊಡಗಿದನು.

"ಅಪ್ಪಾ, ದಾರ್ಯಾಗ ನಿನಗ ಏನರ ಆದ್ರ ಮಂದಿ ಯಾರಿಗೆ ಫೋನ್ ಹಚ್ಚಬೇಕು? ಆ ಹೆಸರು ಎಲ್ಲಾಕಿಂತ ಮ್ಯಾಲ ಇರಬೇಕು. ಅವ್ವಂದು ಹಾಕಲೇನು?"

"ಬ್ಯಾಡ. ಮಾಸ್ತರ ಮನೀದು ಹಾಕು."

"ಮನ್ಯಾಗ ಎರಡ ಮೊಬೈಲ್ ಅದಾವ, ಇನ್ನೂ ಮಂದೀ ಫೋನ್ ಯಾಕ? ಹೋಗ್ಲಿ, ನಂದರ ಹಾಕತೇನಿ."

"ನೀ ಗಾಡಿ ಹೊಡಿಯೋದ ಬಿಟ್ಟು ಗಾಬರಿಯಾಗಿ ಎಲ್ಯರ ಬೀಳಾಕೇನು? ಹಾಕಂದ್ರ ಹಾಕೋ!"

ಹೆಸರಿನ ಮುಂದೊಂದು ಚುಕ್ಕಿ ಇಟ್ಟರೆ ಅದು ಪಟ್ಟಿಯ ಮೊದಲಿಗೆ ನಿಲ್ಲುತ್ತದಂತೆ. ಸಾಜಿದ್ ಹಾಗೆಯೇ ಮಾಡಿ, ನನ್ನತ್ತ ನೋಡಿ ನಕ್ಕನು. ನನಗೂ ಅದು ಹಳೆಯ ರೂಢಿಯೆಂದೇ ತೋರಿತು. ಅರ್ಜಿಯ ಮಾತು ನಾಲಗೆಯ ತುದಿಗೆ ಬಂದಿತು, ಆಡಲಾಗಲಿಲ್ಲ.

ಮುಂದಿನ ಸೋಮವಾರ ಅರ್ಜಿಯನ್ನು ಕಿಸೆಯಲ್ಲಿಟ್ಟುಕೊಂಡು ಹೊಸಿಲು ದಾಟುತ್ತಿದ್ದೆನು. ಒಳಗೆ ಫೋನು ರಿಂಗಣಿಸಿತು.

"ಮಾಸ್ತರ ಮನೀನ್ರಿ? ನಾ ಸಿರಸಂಗಿ ಮಾಳಪ್ಪ ಮಾತಾಡೋದು. ನಮ್ಮ ಮನೀಗೆ ಗಾದಿ ಮಾಡಾಕ ಬಂದ ಹಿರ್ಯಾರು ನಿಚ್ಚಣಿಕಿ ಮ್ಯಾಲಿಂದ ಬಿದ್ದಾರ್ರಿ. ಎಚ್ಚರಿಲ್ಲ. ಸವದತ್ತಿ ದವಾಖಾನಿಗೆ ಒಯ್ಯಾಕತ್ತೇವಿ. ಅವರ ಮೊಬೈಲ್‌ದಾಗ ನಿಮ್ಮ ನಂಬರ ಮೊದಲ ಇತ್ರಿ."

ದೇವಕ್ಕ ನನ್ನ ಮುಖ ನೋಡಿ, ಎರಡು ಮಾತಿನಲ್ಲಿ ವಿಷಯ ಕೇಳಿಕೊಂಡಳು. ಕಿಟಕಿಯ ಕಡೆ ಹೋಗಲಿಲ್ಲ. ಚಪ್ಪಲಿ ಮೆಟ್ಟಿದಳು. ನಾನು ಅವಳ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆನು.

"ಉಂಡಿ ಏನ ಬಾನು?"

ಬಾನುಬಿಯ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಉಳಿಯಿತು. ಈ ಪ್ರಶ್ನೆಯನ್ನು ಅವಳೂ ಮರೆತಿರಲಿಲ್ಲ.

"ಜೀವ ಐತಿಲ್ರಿ ಅಕ್ಕಾರ?"

"ಐತಿ. ಮೊದಲ ಎರಡ ತುತ್ತ ಬಾಯಾಗ ಇಡು. ಸವದತ್ತಿತನಕ ಹೋಗಬೇಕು."

ದೇವಕ್ಕನೇ ತುತ್ತು ಮುರಿದು ಕೊಟ್ಟಳು. ಬಾನುಬಿ ಅಳುತ್ತಲೇ ನುಂಗಿದಳು. ಯಾರದೋ ಗುರುತಿಲ್ಲದ ದನಿ ಈ ಸುದ್ದಿಯನ್ನು ಅವಳ ಕಿವಿಗೆ ಒಮ್ಮೆಲೇ ಸುರಿಯಬಾರದೆಂದು ಖಾಸಿಮಸಾಬನು ಮೊದಲೇ ಯೋಚಿಸಿದ್ದನೆಂಬುದು ನನಗಾಗ ಹೊಳೆಯಿತು.

ಸಾಜಿದನ ಟೆಂಪೊದಲ್ಲಿ ಹೊರಟೆವು. ಅದರ ಹಾಸಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯ ಎಳೆಗಳು ಗಾಳಿಗೆದ್ದು, ಸವದತ್ತಿಯವರೆಗೂ ನಮ್ಮ ಸುತ್ತ ತೇಲುತ್ತಿದ್ದವು.

ಸಂಜೆಯ ಹೊತ್ತಿಗೆ ಖಾಸಿಮಸಾಬನು ಕಣ್ಣು ತೆರೆದನು. ಕಾಲು ಮುರಿದಿತ್ತು, ಜೀವಕ್ಕೆ ಹೆದರಿಕೆಯಿರಲಿಲ್ಲ. ಮಂಚದ ಬದಿಯಲ್ಲಿದ್ದ ಬಾನುಬಿಯನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದನು.

"ಉಂಡ ಬಂದಾಳೇನ್ರಿ ಸರ?"

"ಉಂಡಾಳ" ಎಂದೆನು.

ಆ ಕಾಲು ಮೊದಲಿನಂತಾಗಲಿಲ್ಲ. ಅವನ ತಿರುಗಾಟ ನಿಂತಿತು. ಅಂಗಳದ ಕಮಾನು ನಿಲ್ಲಲಿಲ್ಲ. ಫೋನು ತೆಗೆಸುವ ಅರ್ಜಿಯನ್ನು ನಾನು ಕೊಡಲೇ ಇಲ್ಲ, ಆದರೆ ಅದರ ಮಾತನ್ನು ಒಂದು ದಿನ ಅವನಿಗೆ ಹೇಳಿಬಿಟ್ಟೆನು. ಅಂದಿನಿಂದ ತಿಂಗಳಿಗೊಮ್ಮೆ ನಮ್ಮ ಫೋನು ರಿಂಗಣಿಸುವುದು. ಬಟ್ಟೆ ಸರಿಸಿ ಎತ್ತಿಕೊಂಡರೆ, ಎದುರಿನ ಅಂಗಳದಲ್ಲಿ, ಬಿಳಿ ಎಳೆಗಳ ನಡುವೆ, ಮೊಬೈಲನ್ನು ಕಿವಿಗೊತ್ತಿಕೊಂಡು ಅವನು ಕುಳಿತಿರುವುದು ಕಿಟಕಿಯಿಂದಲೇ ಕಾಣುವುದು.

"ಏನಿಲ್ರಿ ಸರ. ಫೋನ್ ಐತೋ ಇಲ್ಲೋ ನೋಡಿದ್ನಿ."