ದೊಡ್ಡ ಟೈರು, ಗುಡ್ಡದ ಏರು, ನಸೀಮಾ ಆಂಟಿ

ಗೆಳೆಯರೇ, ಇವತ್ತು ಕನ್ನಡ ಕೂಟದ ಪಿಕ್‌ನಿಕ್‌ಗೆ ಬಿಸಿಬೇಳೆಬಾತ್ ಒಂದು ಗಂಟೆ ತಡವಾಗಿ ಬಂದದ್ದು ನನ್ನಿಂದ. ಅಡುಗೆ ತುಂಬಿದ್ದ ಟ್ರೇಲರನ್ನು ಎಳೆಯುತ್ತಿದ್ದದ್ದು ನನ್ನ ಡೀಸೆಲ್ ಟ್ರಕ್. ಹೋದ ತಿಂಗಳಷ್ಟೇ ಚಂದಕ್ಕೆಂದು ಅದಕ್ಕೆ ಮೂವತ್ತೈದು ಇಂಚಿನ ಟೈರ್ ಹಾಕಿಸಿದ್ದೆ.

ನಮ್ಮೂರು ಈಸ್ಟ್ ಬ್ರನ್ಸ್‌ವಿಕ್‌ನಿಂದ ಹೊರಟಾಗ ಎಲ್ಲ ಸರಿಯಿತ್ತು. ಉತ್ತರದ ಗುಡ್ಡಗಳ ಏರು ಶುರುವಾದ ಮೇಲೆ ಗಾಡಿ ಏದುಸಿರು ಬಿಡತೊಡಗಿತು. ಗೇರ್ ತಾನೇ ಮೇಲೆ ಹೋಗುವುದು, ತಾನೇ ಕೆಳಗೆ ಬರುವುದು. ಕೊನೆಗೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದು ಕೆಂಪು ದೀಪ ಹತ್ತಿತು. ರಸ್ತೆ ಬದಿಗೆ ನಿಲ್ಲಿಸಿದೆ.

ಪಕ್ಕದ ಸೀಟಿನಲ್ಲಿ ನಸೀಮಾ ಆಂಟಿ ಇದ್ದರು. ಮೈಸೂರಿನಲ್ಲಿ ಮೂವತ್ತು ವರ್ಷ ಲಾರಿ ಆಫೀಸು ನಡೆಸಿದವರು.

“ಇಷ್ಟು ದೊಡ್ಡ ಟೈರ್ ಹಾಕ್ಸಿದೀಯ, ಅದಕ್ಕೆ ತಕ್ಕ ಹಾಗೆ ಆಕ್ಸಲ್ ಗೇರೂ ಬದಲಾಯಿಸಿದ್ಯಾ?”

“ಇಲ್ಲ ಆಂಟಿ. ಫೋರ್ ವೀಲ್ ಡ್ರೈವ್ ಅಲ್ವಾ, ಎಳ್ಕೊಂಡು ಹೋಗತ್ತೆ ಅಂದ್ಕೊಂಡೆ.”

“ಅದು ಕೆಸರಲ್ಲಿ ಜಾರದೇ ಇರೋಕೆ ಕಣಪ್ಪ. ಟೈರ್ ದೊಡ್ಡದಾದಷ್ಟೂ ಎಳೆಯೋ ಬಲ ಕಮ್ಮಿ. ಸ್ವಲ್ಪ ತಣ್ಣಗಾಗ್ಲಿ. ಆಮೇಲೆ ಆಟೋಮ್ಯಾಟಿಕ್ ಬಿಟ್ಟು ಗೇರ್ ನೀನೇ ಹಾಕು, ಮೂರನೇದರಲ್ಲೇ ನಿಧಾನಕ್ಕೆ ಹತ್ತಿಸು.”

ಹಾಗೇ ಮಾಡಿದೆ. ಹತ್ತಿತು.

ಪಾರ್ಕಿನಲ್ಲಿ ಕಾದಿದ್ದವರು ಹಸಿವು ಮರೆತು ಟೈರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಂಟಿ ಸೌಟು ಹಿಡಿದುಕೊಂಡೇ ಹೇಳಿದರು: “ಬೇಗ ತೆಕ್ಕೊಳ್ಳಿ. ನಾಳೆ ಹಳೇ ಟೈರ್ ಹಾಕಿಸ್ತಾನೆ.”

ಮೊನ್ನೆ ನನ್ನ ಹಳೆ ಟೈರುಗಳನ್ನು ಕೇಳಿದ್ದವರು ದಯವಿಟ್ಟು ಕ್ಷಮಿಸಿ, ಅವು ಮಾರಾಟಕ್ಕಿಲ್ಲ. ದೊಡ್ಡವು ಬೇಕಿದ್ದರೆ ಹೇಳಿ. ನಿಲ್ಲಿಸಿದಾಗ ತುಂಬಾ ಚೆನ್ನಾಗಿ ಕಾಣುತ್ತವೆ.